ಬೆಲ್ಲದ ಕಡಾಯಿಯಲ್ಲಿ ಬಂದ ವರ

ನಮ್ಮ ತವರಿನಲ್ಲಿ ಒಂದು ದೋಣಿಯಿತ್ತು ಎಂದರೆ ಬೀದರಿನಲ್ಲಿ ಯಾರೂ ನಂಬುವುದಿಲ್ಲ. ಮೈಲೂರಿನ ನಮ್ಮ ಓಣಿಯ ಹೆಂಗಸರು ಸಂಜೆ ಕಟ್ಟೆಯ ಮೇಲೆ ಕುಳಿತು ತಂತಮ್ಮ ತವರಿನ ದೊಡ್ಡಸ್ತಿಕೆ ಬಿಚ್ಚುತ್ತಾರೆ. ಒಬ್ಬರ ಅಜ್ಜನಿಗೆ ಕುದುರೆ, ಇನ್ನೊಬ್ಬರ ಮಾವನಿಗೆ ಟಾಂಗಾ. "ನಮ್ಮದು ದೋಣಿ ಇತ್ತು" ಎಂದು ನಾನು ಬಾಯಿ ಹಾಕಿದರೆ, "ಕೊಡ ನೀರಿಗಿ ಬಾವಿ ಇಳಿಯೋ ನಾಡಿನ್ಯಾಗ ದೋಣಿ ಎಲ್ಲಿಂದ ಬಂತ್ರಿ ಅಕ್ಕಾರ?" ಎಂದು ನಗುತ್ತಾರೆ. ಅವರದೇನೂ ತಪ್ಪಿಲ್ಲ. ನಾನೇ ಒಂದು ಸಣ್ಣ ವಿಷಯ ಮುಚ್ಚಿಡುತ್ತೇನೆ. ನಮ್ಮ ದೋಣಿ ಮಳೆಗಾಲದಲ್ಲಿ ಮಾತ್ರ ದೋಣಿ. ಉಳಿದ ತಿಂಗಳು ಅದು ಬೆಲ್ಲ ಕಾಯಿಸುವ ಕಡಾಯಿ.

ನಮ್ಮ ಊರು ಭಾಲ್ಕಿ ತಾಲೂಕಿನಲ್ಲಿ, ಮಾಂಜ್ರಾ ಹೊಳೆಯ ದಂಡೆಗೆ ಇತ್ತು. ಆಚೆ ದಂಡೆಯೆಂದರೆ ಔರಾದ ತಾಲೂಕು. ಹೊಳೆ ತುಂಬಿತೆಂದರೆ ಗಾಣದ ಒಲೆಯ ಮೇಲಿನ ಆ ಕಬ್ಬಿಣದ ಕಡಾಯಿಯನ್ನು ಆರು ಜನ ಹೊತ್ತು ತಂದು ನೀರಿಗಿಳಿಸುತ್ತಿದ್ದರು. ಅದರಲ್ಲಿ ನಾಲ್ಕು ಮಂದಿ ಕೂಡಬಹುದಿತ್ತು, ಅಥವಾ ನಮ್ಮ ಅಜ್ಜಿಯೊಬ್ಬಳು. ಈಜು ಬಲ್ಲ ಇಬ್ಬರು ಎರಡೂ ಕಡೆ ಅಂಚು ಹಿಡಿದು ನೂಕಬೇಕು. ದುಂಡಗಿನ ಪಾತ್ರೆ ನೋಡಿ, ಅದಕ್ಕೆ ಮುಂದು ಹಿಂದು ಇಲ್ಲ. ಆಚೆ ದಂಡೆಗೆ ಹೋಗುವುದಕ್ಕಿಂತ ಇದ್ದಲ್ಲೇ ಗರಗರ ತಿರುಗುವುದೇ ಅದಕ್ಕೆ ಹೆಚ್ಚು ಇಷ್ಟ. ಇಳಿದವರು ಎರಡು ಮಾರು ದೂರ ಮನೆಯ ಕಡೆಗೆ ನಡೆದು, ತಲೆ ನೆಟ್ಟಗಾದ ಮೇಲೆ ಮತ್ತೆ ತಿರುಗಿ ತಾವು ಹೋಗಬೇಕಾದ ದಾರಿ ಹಿಡಿಯುತ್ತಿದ್ದರು.

ಹಾಗೆ ನೋಡಿದರೆ ನಮ್ಮ ಮನೆಯ ಯಾವ ಸಾಮಾನೂ ತನ್ನ ಕೆಲಸ ತಾನು ಮಾಡುತ್ತಿರಲಿಲ್ಲ. ಗೋಡೆ ಗಡಿಯಾರ ನಾಲ್ಕು ಗಂಟೆಗೆ ಹನ್ನೊಂದು ಹೊಡೆಯುತ್ತಿತ್ತು. ಏಳು ಕಳೆದು ಹೊತ್ತು ತಿಳಿಯುವ ಅಭ್ಯಾಸದಿಂದಲೇ ನಾನು ವ್ಯವಕಲನ ಕಲಿತೆ. ದೇವರ ಮುಂದೆ ಹೂವಿಡಲು ಬೆಳ್ಳಿಯ ಎಳೆ ಕೂಡಿಸಿದ ಕರಿಯ ಬಿದರಿ ಪಾತ್ರೆಯೊಂದಿತ್ತು. ಒಮ್ಮೆ ಬೀದರಿನಿಂದ ಬಂದ ಅಪ್ಪನ ಗೆಳೆಯರು ಅದನ್ನು ನೋಡಿ, "ಇದು ಉಗಾಲದಾನ ಅದಲ್ರಿ! ಎಲಿಯಡಿಕಿ ಉಗುಳೋದು!" ಎಂದು ಗಾಬರಿಯಾದರು. ನಮ್ಮ ಆಯಿ, ಅಂದರೆ ಅಜ್ಜಿ, ಅಲುಗಲಿಲ್ಲ. "ಇದರಾಗ ಇವತ್ತಿನ ತನಕಾ ಯಾರೂ ಉಗುಳಿಲ್ಲಪ್ಪಾ. ಹೂವೇ ಇಟ್ಟೀವಿ. ಮತ್ತ ಇದು ಹೂದಾನಿನೇ ಆಯ್ತಲ್ಲ?" ಎಂದಳು. ಗೆಳೆಯರು ಕೈಮುಗಿದು ಪ್ರಸಾದ ತೆಗೆದುಕೊಂಡರು.

ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಳೆಗಾಲ. ಅಪ್ಪನ ಕಿರಿಯ ತಂಗಿ ಕಾಶತ್ತೆಯನ್ನು ನೋಡಲು ಆಚೆ ದಂಡೆಯಿಂದ ವರ ಬರುವುದಾಯಿತು. ಔರಾದಿನ ಕಚೇರಿಯಲ್ಲಿ ಗುಮಾಸ್ತ. ಉರ್ದುವಿನಲ್ಲಿ ಓದಿ ನೌಕರಿ ಹಿಡಿದವನು, ರಾಜ್ಯ ಬದಲಾದದ್ದರಿಂದ ಈಗ ಕುಳಿತು ಕನ್ನಡ ಅಕ್ಷರ ತಿದ್ದುತ್ತಿದ್ದಾನೆ ಎಂಬ ಸುದ್ದಿಯಿತ್ತು. ಹೊಳೆ ತುಂಬಿತ್ತು. ಅವರನ್ನು ಕರೆತರಲು ಅಪ್ಪ, ಕಾಕಾ ಇಬ್ಬರೂ ಕಡಾಯಿ ತೆಗೆದುಕೊಂಡು ಹೊರಟರು. ಒಳಗೆ ಬರುವ ನೀರನ್ನು ತಂಬಿಗೆಯಿಂದ ತೋಡಿ ಚೆಲ್ಲುವ ಕೆಲಸ ಎಂಟು ವರ್ಷದ ನನ್ನದು.

ಹೊರಡುವ ಮುಂಚೆ ಕಾಶತ್ತೆ ನನ್ನನ್ನು ಅಡುಗೆಮನೆಯ ಮೂಲೆಗೆ ಎಳೆದಳು. "ಹುಡುಗೀನ ನೋಡ್ಲಾಕ ಅವರು ಬರ್ತಾರ. ಹುಡುಗನ್ನ ಯಾರು ನೋಡವ್ರು? ನಡು ಹೊಳ್ಯಾಗ ಕಡಾಯಿ ತಿರುಗಿದಾಗ ಅಂವ ಏನ್ ಮಾಡ್ತಾನ ನೋಡ್ಕೊಂಡ್ ಬಾ. ಚೀರಿದ್ರ ಚೀರ್ದ ಅಂತ ಖರೇ ಹೇಳು. ಅಂಜುಬುರುಕನ ಕೂಡ ನಾ ಬಾಳ್ವಿ ಮಾಡಾಂಗಿಲ್ಲ." ಅತ್ತೆ ಬೇಡ ಎಂದರೆ ಆಯಿ ಬೇಡ ಎನ್ನುತ್ತಿದ್ದಳು. ಆಯಿ ಬೇಡ ಎಂದರೆ ಮನೆಯಲ್ಲಿ ಮಾತು ಮುಗಿಯಿತು. ಹೀಗೆ ಇಡೀ ಒಂದು ಮದುವೆ ನನ್ನ ನಾಲಗೆಯ ಮೇಲೆ ಬಂದು ಕುಳಿತಿತು.

ವರ ಶೇರವಾನಿ ತೊಟ್ಟು, ಹೊಸ ಮಖಮಲ್ಲಿನ ಟೋಪಿ ಇಟ್ಟುಕೊಂಡು ಬಂದಿದ್ದ. ಜೊತೆಗೆ ಅವನ ತಾಯಿ. ಕಡಾಯಿಯನ್ನು ನೋಡಿದ ಆಕೆ, "ಇದರಾಗ ನಮಗ ಒಯ್ತೀರೋ, ಕುದಿಸ್ತೀರೋ?" ಎಂದು ಕೇಳಿದಳು. ಸಮಾಧಾನ ಹೇಳಿ ಕೂಡಿಸಿಕೊಂಡದ್ದಾಯಿತು. ಕಾಕಾನಿಗೆ ನೀರಿನಲ್ಲಿದ್ದಾಗಲೂ ಬಾಯಿ ಸುಮ್ಮನಿರುತ್ತಿರಲಿಲ್ಲ. "ಗುಮಾಸ್ತರ, ಈಗ ನಾವು ಯಾವ ರಾಜ್ಯದಾಗ ಅದೇವ್ರಿ?"

"ಮೈಸೂರು ರಾಜ್ಯದಾಗರಿ," ಎಂದ ವರ, ಅಂಚನ್ನು ಗಟ್ಟಿಯಾಗಿ ಹಿಡಿದು.

"ಮತ್ತ ಹೊಳಿ ಇನ್ನಾ ಹೈದರಾಬಾದ ಕಡೀಗೇ ಹೊಂಟದಲ್ರಿ!"

"ಅದಕ್ಕ ಇನ್ನಾ ಹುಕುಂ ಮುಟ್ಟಿಲ್ಲ ಕಾಣ್ತದರಿ."

ಕಾಕಾ ನಕ್ಕ ರಭಸಕ್ಕೆ ಅವನ ಕೈ ಅಂಚಿನಿಂದ ಜಾರಿತು. ಕಡಾಯಿ ತಿರುಗತೊಡಗಿತು. ದಂಡೆ, ಹೊಳೆ, ದಂಡೆ, ಹೊಳೆ ಎಂದು ಲೋಕವೆಲ್ಲ ನನ್ನ ಸುತ್ತ ಓಡಿತು. ವರನ ತಾಯಿ ಇದ್ದ ಬದ್ದ ದೇವರನ್ನೆಲ್ಲ ಕೂಗಿದಳು. ವರ "ಯವ್ವಾ!" ಎಂದು ಚೀರಿದ. ಅನುಮಾನವೇ ಬೇಡ, ಚೆನ್ನಾಗಿಯೇ ಚೀರಿದ. ಒಂದು ಅಲೆ ಒಳಗೆ ಬಂತು, ನನ್ನ ಕೈಯಲ್ಲಿದ್ದ ತಂಬಿಗೆ ಹೊಳೆಗೆ ಬಿತ್ತು. ಆಗ ಅವನು ಮಾಡಿದ್ದು ಇಷ್ಟು: ಒಂದು ಕೈಯಿಂದ ನನ್ನ ಲಂಗ ಬಿಗಿಯಾಗಿ ಹಿಡಿದುಕೊಂಡ, ಇನ್ನೊಂದು ಕೈಯಿಂದ ತಲೆಯ ಮೇಲಿನ ಟೋಪಿ ತೆಗೆದು ನೀರು ತೋಡಿ ಚೆಲ್ಲತೊಡಗಿದ. ಅಷ್ಟರಲ್ಲಿ ಕಾಕಾ ಈಜಿ ಬಂದು ಅಂಚು ಹಿಡಿದ.

ದಂಡೆಯಲ್ಲಿ ಆಯಿ ಕಾದಿದ್ದಳು. ಅವಳ ಕಣ್ಣು ಮೊದಲು ಬಿದ್ದದ್ದು ಬೀಗರ ಮೇಲಲ್ಲ, ನನ್ನ ಬರಿಗೈಯ ಮೇಲೆ. "ನನ್ನ ತವರಮನಿ ತಂಬಿಗಿ ಎಲ್ಲದ ಪೋರಿ?"

ನಾನು ಬಾಯಿ ತೆರೆಯುವ ಮೊದಲೇ ವರ ಮುಂದೆ ಬಂದ. ಟೋಪಿಯಿಂದ ನೀರು ಇಳಿಯುತ್ತಿತ್ತು. "ನನ್ನ ಕೈಜಾರಿ ಬಿತ್ರಿ, ಮಾಫ್ ಮಾಡ್ರಿ," ಎಂದ. ಅಳಿಯನಾಗುವವನಿಗೆ ಬೈಯುವುದು ಹೇಗೆ? ಆಯಿ ಅವರನ್ನು ಮನೆಗೆ ಕರೆದಳು.

ಒಳಗೆ ಹೋದೊಡನೆ ಅತ್ತೆ ನನ್ನ ತೋಳು ಹಿಡಿದಳು. "ಚೀರಿದನೇನು?"

"ಇಲ್ಲತ್ತಿ. ಸುಮ್ಮ ಕುಂತಿದ್ರು."

"ಖರೇ?"

"ದೇವರಾಣಿ ಖರೇ."

ಅತ್ತೆ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಬೈತಲೆ ಸರಿಮಾಡಿಕೊಂಡು, ಚಹಾದ ತಟ್ಟೆ ಎತ್ತಿಕೊಂಡಳು. ಆ ದೀಪಾವಳಿ ಕಳೆಯುತ್ತಲೇ ಮದುವೆಯಾಯಿತು. ಸಂಸಾರ ಚೆನ್ನಾಗಿ ನಡೆಯಿತು. ಗುಮಾಸ್ತ ಮಾಮಾ ಕನ್ನಡದ ಪರೀಕ್ಷೆಯನ್ನೂ ಪಾಸು ಮಾಡಿದರು.

ಆ ಸುಳ್ಳಿನ ಮೇಲೆ ನಾನು ಬದುಕಿನುದ್ದಕ್ಕೂ ಜಂಬ ಪಟ್ಟುಕೊಂಡು ಬಂದೆ. ಮೊನ್ನೆ ಕಾಶತ್ತೆ ನಮ್ಮ ಮನೆಗೆ ಬಂದಿದ್ದಾಗ ಮಕ್ಕಳು ಮೊಮ್ಮಕ್ಕಳ ಮುಂದೆ, "ಅವತ್ತು ನಾ ಸುಳ್ಳ್ ಹೇಳಿರದಿದ್ರ ನಿನ್ನ ಲಗ್ನನೇ ಆಗ್ತಿರಲಿಲ್ಲ" ಎಂದು ಗುಟ್ಟು ಒಡೆದೆ.

ಅತ್ತೆ ಎಲೆಗೆ ಸುಣ್ಣ ಸವರುತ್ತಾ ನಕ್ಕಳು. "ದಂಡಿ ಮ್ಯಾಲಿನ ಹುಣಸಿ ಗಿಡದ ಹಿಂದ ನಿಂತು ನಾ ಎಲ್ಲಾ ನೋಡೀನಿ. ಅಂವ ಒಮ್ಮಿ ಚೀರ್ದ. ಆಮ್ಯಾಲ ಟೊಪಗಿ ತಗದು ನಿನ್ನ ಹಿಡ್ಕೊಂಡು ನೀರ್ ಚೆಲ್ಲಿದ. ಅಲ್ಲೇ ನಾ ಹೂಂ ಅಂದುಬಿಟ್ಟಿದ್ದೆ."

"ಮತ್ತ ನನ್ನ ಯಾಕ ಕೇಳ್ದಿ?"

"ಅಂವ ಒಂದ್ಸಲ ಚೀರಿ ಬಾಯಿ ಮುಚ್ಚಿದ. ನೀ ದಂಡಿ ಮುಟ್ಟೂ ತನಕಾ ಚೀರ್ಕೋತನೇ ಬಂದಿ. ನಿಂದ ನೀ ಒಪ್ಕೋತಿಯೇನೋ ಅಂತ ಕೇಳ್ದೆ."

ಮೊಮ್ಮಕ್ಕಳು ನಕ್ಕು ನೆಲಕ್ಕುರುಳಿದರು. ಸಂಬಂಧ ಕೂಡಿಸಿದವಳು ನಾನೇ ಎಂಬ ಹಕ್ಕಿನ ಮೇಲೆ ಪ್ರತಿ ದೀಪಾವಳಿಗೂ ಅತ್ತೆಯಿಂದ ಸೀರೆ ಕೇಳಿ ಉಟ್ಟವಳು ನಾನು. ಈ ಸಲವೂ ಒಂದು ತಂದಿದ್ದಳು. ಮರ್ಯಾದೆಯಿರುವವರಾಗಿದ್ದರೆ ಬೇಡ ಎಂದು ತಿರುಗಿ ಕೊಡುತ್ತಿದ್ದರು. ನಾನು ಆ ಸೀರೆಯ ಮಡಿಕೆ ಬಿಚ್ಚಿ ಸೆರಗು ನೋಡಿದೆ. ಬಣ್ಣ ಚೆನ್ನಾಗಿತ್ತು.