ಭಾವನ ಕವಳದ ಸಂಚಿಯೂ ಸುಮ್ಮನಿರುವ ಡಬ್ಬಿಯೂ

ನಮ್ಮ ಭಾವನ ಬಾಯಿ ಖಾಲಿ ಇದ್ದದ್ದನ್ನು ಕಂಡವರು ಸಿದ್ದಾಪುರ ಸೀಮೆಯಲ್ಲಿ ಯಾರೂ ಇಲ್ಲ. ತಾಳಿ ಕಟ್ಟುವಾಗಲೂ ಅವರ ದವಡೆಯಲ್ಲಿ ಒಂದು ಅಡಿಕೆ ಹೋಳು ಇತ್ತಂತೆ. ಇದಕ್ಕೆ ಸಾಕ್ಷಿ ಬೇರಾರೂ ಅಲ್ಲ, ತಾಳಿ ಕಟ್ಟಿಸಿಕೊಂಡ ನನ್ನ ಅಕ್ಕ! ಎಲೆ, ಅಡಿಕೆ, ಸುಣ್ಣ ತುಂಬಿದ ಕವಳದ ಸಂಚಿ ಹೆಗಲಿಗಿಲ್ಲದೆ ಅವರು ಹಿತ್ತಲಿಗೂ ಹೋದವರಲ್ಲ.

ಹಾರ್ಮೋನಿಯಂ ಹೊತ್ತು ತಿರುಗಿ ಸೊಂಟ ಹಿಡಿದ ಮೇಲೆ ಭಾವನಿಗೆ ಲ್ಯಾಪ್‌ಟಾಪಿನ ಹುಚ್ಚು ಹತ್ತಿತು. ತಂಬೂರಿ, ತಬಲಾ ಎಲ್ಲ ಅದರೊಳಗೇ. ಇವರು ಕೀಲಿ ಒತ್ತುವುದು, ಅಕ್ಕ ಹಾಡುವುದು. ಥೈರಾಯ್ಡ್ ಆಪರೇಷನ್ ಆದಮೇಲೆ ಅಕ್ಕನ ದನಿ ತೀರಾ ಸಣ್ಣಗಾಗಿತ್ತು. ಆದರೂ ಭಜನೆಗೆ ಕೂತಳು. ಭಾವ ಲ್ಯಾಪ್‌ಟಾಪಿನ ವೈರನ್ನು ನೇರ ಧ್ವನಿವರ್ಧಕಕ್ಕೆ ಸಿಕ್ಕಿಸಿದ್ದೇ ತಡ, ಗುಂಯ್ ಎಂದು ಎಂಥ ಸದ್ದು ಅಂತೀರಿ! ಹೆಜ್ಜೇನು ಎದ್ದಿತೆಂದು ಮುಂದಿನ ಸಾಲಿನವರು ಶಾಲು ಹೊದ್ದು ಓಡಿದರು. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ನಗಲಿಲ್ಲ. ಆ ಗದ್ದಲದಲ್ಲಿ ಅವಳ ಹಾಡು ಯಾರಿಗೂ ಕೇಳಿರಲೇ ಇಲ್ಲ. "ಇನ್ನು ಆನು ಹಾಡ್ತ್ನಿಲ್ಲೆ" ಎಂದು ಎದ್ದವಳು, ಅಡುಗೆಮನೆಯಲ್ಲೂ ಗುನುಗುವುದನ್ನು ಬಿಟ್ಟಳು.

ಮಂಚಿಕೇರಿಯ ನಮ್ಮ ಮನೆಯಲ್ಲಿ ನನ್ನ ಮೊಮ್ಮಗಳ ನಾಮಕರಣವಿತ್ತು. ಅಷ್ಟರೊಳಗೆ ಅಕ್ಕನನ್ನು ಹಾಡಿಸಿಯೇ ಸಿದ್ಧ ಎಂದು ಭಾವ ಹಟ ಹಿಡಿದರು. ಆಡಿಯೋ ಇಂಟರ್‌ಫೇಸ್ ಎಂಬ ಡಬ್ಬಿಯೊಂದಿದೆ, ಮೈಕಿನ ಸಣ್ಣ ದನಿಯನ್ನು ಎತ್ತಿ, ಚೊಕ್ಕ ಮಾಡಿ ಲ್ಯಾಪ್‌ಟಾಪಿಗೆ ಕೊಡುತ್ತದೆ ಎಂದು ಯಾರೋ ಹೇಳಿದರು. ಭಾವನ ಷರತ್ತುಗಳು ಶುರುವಾದವು. ಬೆಲೆ ಮಿಕ್ಸಿಗಿಂತ ಹೆಚ್ಚಿರಬಾರದು. ಲ್ಯಾಪ್‌ಟಾಪಿನ ವೈರಿನಲ್ಲೇ ಬದುಕಬೇಕು, ನಮ್ಮ ಕಡೆಯ ಕರೆಂಟನ್ನು ನಂಬುವವರುಂಟೇ? ಕವಳದ ಸಂಚಿಯೊಳಗೆ ಹಿಡಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸುಮ್ಮನಿರಬೇಕಾದಾಗ ಸುಮ್ಮನಿರಬೇಕು. ಈ ಕೊನೆಯ ಗುಣ ಭಾವನಲ್ಲೇ ಇಲ್ಲ, ಆ ಮಾತು ಬೇರೆ.

ಮೊದಲು ಯಲ್ಲಾಪುರಕ್ಕೆ ಹೋದೆವು. ಆರ್ಕೆಸ್ಟ್ರಾದವರೊಬ್ಬರು ತಮ್ಮ ಹಳೆಯ ಡಬ್ಬಿಯನ್ನು ಅಗ್ಗಕ್ಕೆ ಕೊಡಲು ತಯಾರಿದ್ದರು. ಭಾವ ಅದನ್ನು ಸಂಚಿಗೆ ತುರುಕಲು ಹೋಗಿ ಹೊಲಿಗೆಯೇ ಬಿಚ್ಚಿತು! ಎಂಟು ಮೈಕು ಹಾಕಬಹುದು ಎಂದು ಅವರು ಹೊಗಳಿದರೆ, ಭಾವನ ಉತ್ತರ ತಯಾರಿತ್ತು.

"ಯಮ್ಮನೆಲಿ ಹಾಡದು ಒಂದೇ ಜನ. ಎಂಟು ತೂತು ಎಂತಕ್ಕೆ?"

ಆ ಒಂದು ಜನವೂ ಈಗ ಹಾಡುವುದಿಲ್ಲವಲ್ಲ ಎಂದು ನನಗೆ ಬಾಯಿತುದಿಗೆ ಬಂದಿತ್ತು.

ಆಮೇಲೆ ಶಿರಸಿಯ ಅಂಗಡಿ. ಅಲ್ಲಿ ಅಂಗೈಯಗಲದ ಡಬ್ಬಿಗಳಿದ್ದವು. ಭಾವ ಹೆಡ್‌ಫೋನ್ ಹಾಕಿಕೊಂಡು, ಮೈಕನ್ನು ಮೂಗಿನ ಬುಡಕ್ಕೆ ಎಳೆದುಕೊಂಡು, ಕಣ್ಣು ಮುಚ್ಚಿ ಕೂತರು. ಹಾಡಿಲ್ಲ, ಮಾತಿಲ್ಲ. ಏನು ಕೇಳುತ್ತಿದ್ದೀರಿ ಎಂದರೆ, ಏನೂ ಇಲ್ಲದ್ದನ್ನು ಕೇಳುತ್ತಿದ್ದೇನೆ ಎಂದರು! ಮೊದಲನೆಯದು ಕರಕರ ಎನ್ನುತ್ತದೆಂದು ಸರಿಸಿದರು. ಎರಡನೆಯದೂ ಕರಕರ. ಮಿಕ್ಸಿಯ ಬೆಲೆ ದಾಟಿ ಫ್ರಿಜ್ಜಿನ ಬೆಲೆಯದನ್ನು ತಂದಿಟ್ಟರೂ ಅದೇ ಕರಕರ. ಹಾವೇರಿ ಕಡೆಯವರಾದ ಅಂಗಡಿಯವರ ತಾಳ್ಮೆ ದೊಡ್ಡದು. ಕೊನೆಗೆ ತಾವೇ ಹೆಡ್‌ಫೋನ್ ಹಾಕಿಕೊಂಡು, ಭಾವನ ಮುಖವನ್ನೊಮ್ಮೆ ನೋಡಿ, ಮೆಲ್ಲಗೆ ಹೇಳಿದರು.

"ಡಬ್ಬಿ ಸುಮ್ಮನ ಐತ್ರಿ. ಅದು ನಿಮ್ಮ ಬಾಯಾಗಿನ ಅಡಿಕಿ ಸಪ್ಳ."

ನಾನು ನಗು ತಡೆಯಲಾರದೆ ರಸ್ತೆಗೆ ಬಂದೆ. ಭಾವ ನಗಲಿಲ್ಲ. ಹೊರಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದು, ಎಲ್ಲಕ್ಕಿಂತ ಅಗ್ಗದ ಡಬ್ಬಿಯನ್ನು ಇನ್ನೊಮ್ಮೆ ಕೇಳಿ ಅದನ್ನೇ ಕೊಂಡರು.

ನಾಮಕರಣದ ದಿನ ಊಟವಾದ ಮೇಲೆ ಎಷ್ಟು ಕರೆದರೂ ಅಕ್ಕ ಮೈಕಿನ ಹತ್ತಿರ ಬರಲೊಲ್ಲಳು. ಭಾವ ವಾದ ಮಾಡಲಿಲ್ಲ. ಅವಳು ಕೂತಲ್ಲಿಗೇ ಮೈಕು ತಂದಿಟ್ಟು, ಹೆಡ್‌ಫೋನನ್ನು ಅವಳ ಕಿವಿಗಿಟ್ಟು, ಡಬ್ಬಿಯ ಗುಂಡಿಯನ್ನು ಚೂರೇ ಚೂರು ತಿರುಗಿಸಿದರು. ಬಿಟ್ಟರೆ ಸಾಕು ಎನ್ನುವಂತೆ ಅಕ್ಕ ಅರ್ಧ ಸಾಲು ಗುನುಗಿದಳು. ತಟ್ಟನೆ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ತಮಾ, ಯನ್ನ ದನಿ ಇನ್ನೂ ಇದ್ದು."

ಅವಳು ಕಣ್ಣೊರೆಸಿಕೊಂಡು ಹಾಡಿದಳು. ದೊಡ್ಡ ದನಿಯೇನಲ್ಲ, ಆದರೆ ಜಗಲಿಯಲ್ಲಿ ಹರಟುತ್ತಿದ್ದವರು ಮಾತು ನಿಲ್ಲಿಸಿದರು.

ಹಾಡು ಮುಗಿದ ಖುಷಿಗೆ ನಾನು ಕವಳದ ಹರಿವಾಣವನ್ನು ಭಾವನ ಮುಂದೆ ತಳ್ಳಿದೆ. ಮುಟ್ಟಲಿಲ್ಲ. ಎಲೆ ಸಂಚಿಯದೇ ಆಗಬೇಕೇನೋ ಎಂದು ಅದರೊಳಗೆ ಕೈ ಹಾಕಿದರೆ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ, ಬರೀ ವೈರು. ಶಿರಸಿಯಿಂದ ಬಂದಾಗಿನಿಂದ ಅವರು ಕವಳ ಹಾಕಿದ್ದನ್ನು ನಾನು ನೋಡಿಯೇ ಇಲ್ಲವೆಂದು ಆಗ ಹೊಳೆಯಿತು. ಇವತ್ತೊಂದು ದಿನ ಹಾಕಿ ಭಾವಾ ಎಂದೆ. ಅವರು ಮತ್ತೆ ಮೈಕಿನತ್ತ ಬಾಗಿದ್ದ ಅಕ್ಕನನ್ನು ಕಣ್ಣಲ್ಲೇ ತೋರಿಸಿ ಪಿಸುಗುಟ್ಟಿದರು.

"ಸುಮ್ನಿರು ಭಾವಾ. ನಿನ್ನಕ್ಕ ಇನ್ನೊಂದು ಹಾಡ್ತಡ."