ಕಾರು ಕಟ್ಟಿದ ಮೇಲೆ ಹಿಂದೆ ಹೋಗುವಂತಿಲ್ಲ

ಹಾರ್ಲನ್: ಕೈಬ್ರೇಕ್ ಬಿಟ್ಟಿದ್ದೀನಿ ಅಂತ ಎಷ್ಟು ಸಲ ಹೇಳ್ಬೇಕು ನೆಡ್ರಾ? ನೋಡು, ಕಾರು ಕಟ್ಟೋ ಪಟ್ಟೀಲಿ ಐದನೇದು. ಗುರುತು ಹಾಕಿದ್ದೀನಿ.

ನೆಡ್ರಾ: ಗುರುತು ಹಾಕಿದ್ದು ಕಾಣಿಸ್ತಿದೆ. ಬ್ರೇಕ್ ಬಿಟ್ಟಿದ್ದೀಯಾ?

ಹಾರ್ಲನ್: ಬಿಡದೆ ಯಾರಾದ್ರೂ ಗುರುತು ಹಾಕ್ತಾರಾ?

ನೆಡ್ರಾ: ನಲವತ್ತೊಂದು ವರ್ಷದಿಂದ ನಿನ್ನ ನೋಡ್ತಿದ್ದೀನಿ. ಹಾಕ್ತಾರೆ. ತಡಿ, ಒಂದು ಸಲ ಇಣುಕಿ ಬರ್ತೀನಿ.

ಹಾರ್ಲನ್: ಇಣುಕೋದು ಪಟ್ಟೀಲಿಲ್ಲ. ಹದಿನೇಳು ಅಂಶ ಇದೆ, ಹದಿನೇಳೇ. ಪಟ್ಟೀಲಿಲ್ಲದ್ದು ಮಾಡೋ ಹಾಗಿಲ್ಲ.

ಅರಿಜೋನಾದ ಮರುಭೂಮಿಯ ಕ್ಯಾಂಪಿನಲ್ಲಿ ಬೆಳಿಗ್ಗೆ ಹತ್ತು ಗಂಟೆ. ನೆಬ್ರಾಸ್ಕದ ಚಳಿಗೆ ಹೆದರಿ ಬಂದಿದ್ದ ದಂಪತಿ ಇವತ್ತು ಊರಿಗೆ ಹೊರಟಿದ್ದಾರೆ. ಬರುವಾಗ ಹಾರ್ಲನ್ ಬಸ್ಸಿನಷ್ಟು ಉದ್ದದ, ಒಳಗೆ ಮನೆಯೇ ಇರುವ ಮೋಟರ್‌ಹೋಮ್ ಓಡಿಸಿದ್ದ. ನೆಡ್ರಾ ತನ್ನ ಪುಟ್ಟ ಕೆಂಪು ಕಾರಿನಲ್ಲಿ ಒಬ್ಬಳೇ ಹಿಂದೆ ಬಂದಿದ್ದಳು. ಈಗ ಆ ಕಾರನ್ನು ಮೋಟರ್‌ಹೋಮಿನ ಬಾಲಕ್ಕೆ ಕಟ್ಟಿ, ನಾಲ್ಕು ಚಕ್ರದ ಮೇಲೆ ಉರುಳಿಸಿಕೊಂಡು ಹೋಗಬೇಕು. ಇದೇ ಮೊದಲ ಸಲ. ಹೊಸಬರು ಕಾರು ಕಟ್ಟುವುದನ್ನು ನೋಡುವುದೇ ಈ ಕ್ಯಾಂಪಿನವರಿಗೆ ಬೆಳಗಿನ ಸಿನಿಮಾ. ಪಕ್ಕದ ಜಾಗದ ಮುದುಕ ಆರ್ವಿಲ್ ಆಗಲೇ ಮಡಚುವ ಕುರ್ಚಿ, ಕಾಫಿ ಸಮೇತ ಬಂದು ಕೂತಿದ್ದಾನೆ.

ನೆಡ್ರಾ: ಒಪ್ಪಂದ ನೆನಪಿದೆಯಲ್ಲ? ಇದು ನನ್ನ ಪಿಂಚಣೀಲಿ ತಗೊಂಡ ಕಾರು. ನೀನೇನಾದ್ರೂ ಎಡವಟ್ಟು ಮಾಡಿದ್ರೆ ಊರು ಮುಟ್ಟೋವರೆಗೂ ಬಸ್ಸಿನ ಸ್ಟೀರಿಂಗ್ ನಂದು.

ಹಾರ್ಲನ್: ಅದನ್ನ ಬಸ್ಸು ಅನ್ಬೇಡ.

ನೆಡ್ರಾ: ಇಪ್ಪತ್ತಾರು ವರ್ಷ ಶಾಲೆ ಬಸ್ಸು ಓಡಿಸಿದ್ದೀನಿ. ಬಸ್ಸು ನೋಡಿದ್ರೆ ನಂಗೆ ಗೊತ್ತಾಗುತ್ತೆ. ಒಂದು ದಿನಾನೂ ಒಂದು ಮಗೂನೂ ಬಿಟ್ಟು ಹೋಗಿಲ್ಲ, ಒಂದು ಕಂಬಕ್ಕೂ ಗುದ್ದಿಲ್ಲ. ಅಂಥವಳಿಗೆ ಸ್ಟೀರಿಂಗ್ ಮುಟ್ಟೋಕೂ ಬಿಡಲ್ಲ ನೀನು!

ಹಾರ್ಲನ್: ಆಮೇಲೆ ಮಾತಾಡೋಣ. ಹದಿನೇಳನೇದು: ಒಬ್ಬರು ಹೊರಗೆ ನಿಂತು ಕಾರಿನ ಚಕ್ರ ಉರುಳೋದನ್ನ ನೋಡಬೇಕು. ನಿಂತ್ಕೋ.

ಮೋಟರ್‌ಹೋಮ್ ಮುಲುಗುತ್ತಾ ಹತ್ತಡಿ ಮುಂದೆ ಹೋಯಿತು. ಕಾರಿನ ಹಿಂದಿನ ಚಕ್ರಗಳು ಉರುಳಲಿಲ್ಲ. ಜಲ್ಲಿಯಲ್ಲಿ ಎರಡು ಉದ್ದನೆಯ ಗೆರೆ ಬಿದ್ದವು.

ನೆಡ್ರಾ: ನಿಲ್ಲಿಸೋ ಮಾರಾಯ! ಕೈಬ್ರೇಕು!

ಆರ್ವಿಲ್: ಉಳುಮೆ ಸಾಲು ನೆಟ್ಟಗಿದೆ ಹಾರ್ಲನ್. ಆದ್ರೆ ಈ ನೆಲದಲ್ಲಿ ಮೆಕ್ಕೆಜೋಳ ಬರಲ್ಲ.

ಹಾರ್ಲನ್: (ಇಳಿದು ಬಂದು, ಕಾರಿನೊಳಗೆ ಕೈಹಾಕುತ್ತಾ) ಬಿಟ್ಟಿದ್ದೆ. ಅದೇ ವಾಪಸ್ ಹಾಕ್ಕೊಂಡಿದೆ.

ನೆಡ್ರಾ: ಹೌದೌದು, ಅದಕ್ಕೆ ಭಯ ಆಗಿರುತ್ತೆ ಪಾಪ. ಕೊಡು ಸ್ಟೀರಿಂಗು.

ಹಾರ್ಲನ್: ಗೆರೆ ಬಿದ್ದಿರೋದು ಜಲ್ಲಿ ಮೇಲೆ, ಕಾರಿನ ಮೇಲಲ್ಲ. ಇದು ಲೆಕ್ಕಕ್ಕಿಲ್ಲ. ಗಾಡಿ ಹತ್ತು.

ನೆಡ್ರಾ: ಬಲಕ್ಕೆ ತಿರುಗ್ಸು. ಗೇಟು ಬಲಕ್ಕಿದೆ.

ಹಾರ್ಲನ್: ಬಲಕ್ಕೆ ತಿರುವು ಇಕ್ಕಟ್ಟು. ಎಡಕ್ಕೆ ಹೋಗಿ ಸುತ್ತು ಹಾಕಿ ಬಂದ್ರಾಯ್ತು.

ನೆಡ್ರಾ: ಎಡಕ್ಕೆ ಕಸದ ತೊಟ್ಟಿ ಇದೆ. ಅದರಾಚೆ ಬೇಲಿ. ಎರಡು ತಿಂಗಳಿಂದ ಕಸ ಹಾಕಿದ್ದು ನಾನು, ನಂಗೆ ಗೊತ್ತಿಲ್ವಾ?

ಹಾರ್ಲನ್ ಎಡಕ್ಕೇ ಹೋದ. ಕಸದ ತೊಟ್ಟಿ ಬಂತು. ಅದರಾಚೆ ಬೇಲಿಯೂ ಬಂತು. ಆರ್ವಿಲ್ ಕುರ್ಚಿ ಮಡಚಿ, ಅಲ್ಲಿಗೂ ನಡೆದು ಬಂದು, ಮತ್ತೆ ಬಿಡಿಸಿ ಕೂತ. ಈ ಸಲ ಅವನ ಜೊತೆ ಇನ್ನೂ ಆರು ಕುರ್ಚಿ ಬಂದಿದ್ದವು.

ಹಾರ್ಲನ್: ಸ್ವಲ್ಪ ಹಿಂದೆ ತಗೋತೀನಿ.

ನೆಡ್ರಾ: ಕಾರು ಕಟ್ಟಿದ ಮೇಲೆ ಹಿಂದೆ ಹೋಗೋ ಹಾಗಿಲ್ಲ! ಪಟ್ಟಿ ಕೆಳಗೆ ಕೆಂಪು ಅಕ್ಷರದಲ್ಲಿದೆ. ಕಾರಿನ ಮುಂದಿನ ಚಕ್ರ ತಿರುಚ್ಕೊಂಡು ಎಲ್ಲಾ ಮುರಿಯುತ್ತೆ ಅಂತ. ರಾತ್ರಿ ನೀನೇ ಮೂರು ಸಲ ಓದಿ ಹೇಳಿದ್ದು!

ಹಾರ್ಲನ್: ಹಾಗಾದ್ರೆ ಬಿಚ್ಚೋಣ.

ಬಿಚ್ಚಲು ಹೋದರೆ ಕಾರು ಕಟ್ಟಿದ ಕೊಂಡಿಯ ಗೂಟ ಬರಲಿಲ್ಲ. ಓರೆಯಾಗಿ ನಿಂತ ಗಾಡಿ ಕೊಂಡಿಯನ್ನು ಬಿಗಿದು ಹಿಡಿದಿತ್ತು. ಹಾರ್ಲನ್ ಎಳೆದ, ಒದ್ದ, ಬೈದ.

ಆರ್ವಿಲ್: ನನ್ನ ಮೊದಲ ಸಲ ನಾನೂ ಒದ್ದಿದ್ದೆ. ಕಾಲು ಮುರೀತು, ಗೂಟ ಬರ್ಲಿಲ್ಲ.

ನೆಡ್ರಾ ಕಾರಿನಲ್ಲಿ ಕೂತು, ಎಂಜಿನ್ ಶುರು ಮಾಡಿ, ಅರ್ಧ ಅಡಿ ಮುಂದೆ ತಂದಳು. ಗೂಟ ತಾನಾಗೇ ಹಾರ್ಲನ್‌ನ ಕೈಗೆ ಬಂತು. ಕಾರು ಬಿಡಿಸಿದ್ದಾಯಿತು. ಮೋಟರ್‌ಹೋಮ್ ತಿರುಗಿಸಲು ಹೊರಟ ಹಾರ್ಲನ್ ಹಿಂದೆ ಮುಂದೆ, ಹಿಂದೆ ಮುಂದೆ ಹೋಗಿ, ಕೊನೆಗೆ ಮೊದಲು ಎಲ್ಲಿತ್ತೋ ಅಲ್ಲೇ ತಂದು ನಿಲ್ಲಿಸಿದ.

ಆರ್ವಿಲ್: ಒಂಬತ್ತು ಸಲ ಆಯ್ತು. ಇನ್ನೊಂದು ಲೋಟ ಕಾಫಿ ತರ್ಲಾ?

ನೆಡ್ರಾ: ಇಳಿ ಹಾರ್ಲನ್.

ಅವನು ಇಳಿದ. ನೆಡ್ರಾ ಹತ್ತಿ, ಸೀಟು ಮುಂದೆ ಎಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು, ಮೂರೇ ಸಲಕ್ಕೆ ಮೋಟರ್‌ಹೋಮನ್ನು ದೋಸೆ ಮಗುಚಿದ ಹಾಗೆ ತಿರುಗಿಸಿದಳು. ಏಳು ಕುರ್ಚಿಯೂ ಚಪ್ಪಾಳೆ ತಟ್ಟಿದವು. ಗೇಟಿನ ಬಳಿ ನೇರವಾದ ದಾರಿಯಲ್ಲಿ ಮತ್ತೆ ಕಾರು ಕಟ್ಟಿದರು. ಆರ್ವಿಲ್‌ನ ಕುರ್ಚಿಯೂ ಅಲ್ಲಿಗೆ ಬಂತು. ಈ ಸಲ ಪಟ್ಟಿ ಹಿಡಿದು ಹೊರಗೆ ನಿಂತವನು ಹಾರ್ಲನ್.

ನೆಡ್ರಾ: (ಕಿಟಕಿಯಿಂದ) ಹದಿನಾರೂ ಆಯ್ತಾ?

ಹಾರ್ಲನ್: ಆಯ್ತು. ಕೈಬ್ರೇಕ್ ಎರಡು ಸಲ ನೋಡ್ದೆ. ಹದಿನೇಳನೇದು, ನಿಧಾನ ಬಿಡು... ಉರುಳ್ತಿದೆ! ನಾಲ್ಕೂ ಉರುಳ್ತಿದೆ! ಹೋಗು, ಹೋಗು!

ನೆಡ್ರಾ ಹೋದಳು. ಗೇಟು ದಾಟಿ, ಹೆದ್ದಾರಿಗೆ ಹತ್ತಿ, ತಿರುವಿನಲ್ಲಿ ಮರೆಯಾದಳು. ಹಾರ್ಲನ್ ಇನ್ನೂ ಕೈಬೀಸುತ್ತಲೇ ಇದ್ದ.

ಆರ್ವಿಲ್: ಚೆನ್ನಾಗಿ ಓಡಿಸ್ತಾಳೆ. ನೀನು ಯಾವಾಗ ಹೊರಡೋದು?

ಹಾರ್ಲನ್ ಫೋನು ತೆಗೆದ.

ಹಾರ್ಲನ್: ನೆಡ್ರಾ! ನನ್ನ ಬಿಟ್ಟು ಹೋಗಿದ್ದೀಯಲ್ಲೇ!

ನೆಡ್ರಾ: ಹೋಗು ಹೋಗು ಅಂದಿದ್ದು ನೀನೇ.

ಹಾರ್ಲನ್: ಒಂದು ಮಗೂನೂ ಬಿಟ್ಟು ಹೋಗಿಲ್ಲ ಅಂತ ಜಂಬ ಕೊಚ್ತಿದ್ದೆ!

ನೆಡ್ರಾ: ಮಕ್ಕಳ ಹೆಸರು ಪಟ್ಟೀಲಿರ್ತಿತ್ತು. ನಿನ್ನ ಹೆಸರು ಎಷ್ಟನೇ ಅಂಶ, ನೋಡಿ ಹೇಳು.

ಹಾರ್ಲನ್: (ಪಟ್ಟಿ ನೋಡಿ, ಹಿಂದೆ ತಿರುಗಿಸಿಯೂ ನೋಡಿ) ...ಆಯ್ತು ಮಾರಾಯ್ತಿ, ಸ್ಟೀರಿಂಗ್ ನಿಂದೇ. ಹಿಂದೆ ಬಾ.

ನೆಡ್ರಾ: ಕಾರು ಕಟ್ಟಿದ ಮೇಲೆ ಹಿಂದೆ ಹೋಗೋ ಹಾಗಿಲ್ಲ ಹಾರ್ಲನ್. ಮುಂದೆ ಪೆಟ್ರೋಲ್ ಬಂಕಲ್ಲಿ ನಿಲ್ಸಿದ್ದೀನಿ. ಒಂದೇ ಮೈಲಿ. ನಡ್ಕೊಂಡು ಬಾ.

ಹಾರ್ಲನ್ ಪಟ್ಟಿ ಮಡಚಿ ಜೇಬಿಗಿಟ್ಟು, ಟೋಪಿ ಸರಿಮಾಡಿಕೊಂಡ. ಆರ್ವಿಲ್ ಕುರ್ಚಿಯನ್ನು ಹೆದ್ದಾರಿ ಕಡೆಗೆ ತಿರುಗಿಸಿ ಕೂತ.

ಆರ್ವಿಲ್: ಹಾರ್ಲನ್, ಹೊರಡೋ ಮುಂಚೆ ಒಂದು ಮಾತು. ಕೈಬ್ರೇಕ್ ಬಿಟ್ಟಿದ್ದೀಯ ತಾನೆ?