ನನ್ನ ಓದಿನ ಸಾಲಕ್ಕೆ ಊರೆಲ್ಲ ಜಾಮೀನು

ಸಾಲಗಾರರಿಗೆ ನಿದ್ದೆ ಬರೋದಿಲ್ಲ ಅಂತಾರೆ. ನನಗೇನೋ ಚೆನ್ನಾಗಿಯೇ ಬರುತ್ತಿತ್ತು, ನಗು ತಡೆಯೋದೇ ಕಷ್ಟವಾಗುತ್ತಿತ್ತು. ಓದಿಗೆ ಮಾಡಿದ ಸಾಲ ಹೆಗಲ ಮೇಲಿದ್ದಷ್ಟು ಕಾಲವೂ ನಗು ತರಿಸುವ ಪ್ರಸಂಗಗಳು ನಡೆಯುತ್ತಲೇ ಇದ್ದವು.

ಪುಕ್ಕಟೆ ಉತ್ತರ

ಅಪ್ಪ ಅರಸೀಕೆರೆ ರೈಲ್ವೆ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ನನಗೆ ಸಾರ್ವಜನಿಕ ಆರೋಗ್ಯ ಓದಲು ಸೀಟು ಸಿಕ್ಕಿತ್ತು, ಕಟ್ಟಲು ದುಡ್ಡಿರಲಿಲ್ಲ. ಕೊಬ್ಬರಿ ಮಂಡಿಗಳ ನಡುವೆ ಇದ್ದ ಬ್ಯಾಂಕಿಗೆ ಅಪ್ಪ ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿಕೊಂಡು ನನ್ನನ್ನು ಕರೆದುಕೊಂಡು ಹೋದರು.

"ಏನಮ್ಮ ಓದೋದು?" ಅಂದರು ಮ್ಯಾನೇಜರು.

"ಒಂದೇ ಊರು ಸರ್, ಒಂದೇ ಗಾಳಿ. ಆದ್ರೂ ಮೇಲಿನ ಬೀದಿ ಹೆಂಗಸರಿಗಿಂತ ಕೆಳಗಿನ ಕೇರಿ ಹೆಂಗಸರು ಹೆರಿಗೇಲಿ ಜಾಸ್ತಿ ಯಾಕೆ ಸಾಯ್ತಾರೆ ಅಂತ ಹುಡುಕೋ ಓದು."

"ಬಡತನ ಕಣಮ್ಮ! ಇದಕ್ಕೆ ಕಾಲೇಜು ಬೇಕಾ? ನೋಡು, ನಾನು ಪುಕ್ಕಟೆ ಹೇಳಿಬಿಟ್ಟೆ. ಇನ್ನು ಸಾಲ ಯಾಕೆ?"

ಅಪ್ಪ ಗಾಬರಿಯಾಗಿ ಎದ್ದು ಕೈಮುಗಿದರು. "ಉತ್ತರ ನೀವೇ ಹೇಳಿಬಿಟ್ರಿ ಸಾರ್, ಸರಿ. ಡಿಗ್ರೀನೂ ನೀವೇ ಕೊಡ್ತೀರಾ?"

ಮ್ಯಾನೇಜರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಹಾಗೆ ನಗುತ್ತಲೇ ಸಾಲಕ್ಕೆ ಸಹಿ ಹಾಕಿದರು.

ಒಂದು ತೊಟ್ಟು

ಓದು ಮುಗಿದ ಮೇಲೆ ಒಂದು ಸಂಸ್ಥೆಯವರು, ಹಳ್ಳಿಗಳಲ್ಲಿ ಓಡಾಡಿ ಇದೇ ವಿಷಯದ ಮೇಲೆ ಸಂಶೋಧನೆ ಮಾಡುವುದಾದರೆ ನಿನ್ನ ಸಾಲದ ಕಂತು ನಾವೇ ಕಟ್ಟುತ್ತೇವೆ ಎಂದರು. ಹೀಗಾಗಿ ಬಾಣಾವರದಿಂದ ಹಳೇಬೀಡಿಗೆ ಹೋಗುವ ದಾರಿಯ ಒಂದು ಹಳ್ಳಿ ನನ್ನ ಪಾಲಿಗೆ ಬಂತು.

ಮೊದಲ ದಿನ ಬಸ್ಸಿನಲ್ಲಿ ಪಕ್ಕದ ಹೆಂಗಸು "ಏನ್ ಕೆಲ್ಸ ತಾಯಿ?" ಅಂತ ಕೇಳಿದಳು. ಸಂಶೋಧನೆ ಅಂದರೆ ಅರ್ಥವಾಗದೇನೋ ಎಂದು "ಸಾಲ ತೀರಿಸೋ ಕೆಲಸ ಕಣಮ್ಮ" ಅಂದೆ. ನಾನು ಬ್ಯಾಗು ಇಳಿಸಿಕೊಳ್ಳುವಷ್ಟರಲ್ಲಿ ಅವಳು ನನಗಿಂತ ಮುಂದೆ ಊರೊಳಕ್ಕೆ ಓಡಿದ್ದಳು. ನಾನು ಕೆಳಗಿನ ಕೇರಿಗೆ ಕಾಲಿಟ್ಟಾಗ ಎಲ್ಲ ಬಾಗಿಲೂ ಹಾಕಿದ್ದವು. ಜಗಲಿಯ ಮೇಲೆ ಒಬ್ಬ ಅಜ್ಜಿ ಮಾತ್ರ.

"ಮನೇಲಿ ಗಂಡಸ್ರು ಯಾರೂ ಇಲ್ಲ," ಅಂದಿತು ಅಜ್ಜಿ. "ಆ ಎಮ್ಮೆ ನಮ್ದಲ್ಲ, ನೆಂಟ್ರುದು."

ನನ್ನನ್ನು ಸಾಲ ವಸೂಲಿಯವಳು ಅಂದುಕೊಂಡಿದ್ದರು! ಸಾಲ ನಂದೇ ಅಜ್ಜಿ, ಇಲ್ಲಿ ನಿಮ್ಮೆಲ್ಲರ ರಕ್ತ ಪರೀಕ್ಷೆ ಮಾಡಿದರೆ ಅದು ತೀರುತ್ತೆ ಅಂತ ಬಿಡಿಸಿ ಹೇಳಿದೆ. ಒಂದೊಂದೇ ಬಾಗಿಲು ತೆರೆಯಿತು. "ಅಯ್ಯೋ ಮಗಾ, ನಿಂಗೂ ಸಾಲ ಐತಾ?" ಅಂತ ಕೂರಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಆಮೇಲೆ ಎಲ್ಲರೂ ಬೆರಳು ಚಾಚಿದರು. ಸೂಜಿ ಚುಚ್ಚಿ ಒಂದು ತೊಟ್ಟು ತೆಗೆದುಕೊಂಡು ಸಾಕು ಅಂದರೂ ಅಜ್ಜಿ ಇನ್ನೊಂದು ಕೈ ಮುಂದೆ ಮಾಡಿತು.

"ಈ ಕೈಯಿಂದೂ ತಗಾ ಮಗಾ. ಬ್ಯಾಂಕ್ನೋರು ಒಂದು ತೊಟ್ಟಿಗೆಲ್ಲ ಬಿಡಾಕಿಲ್ಲ."

ಋಣಭಾರ

ಬೇಲೂರಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗ ಹೈಸ್ಕೂಲು ಮೇಷ್ಟ್ರು. ಕಾಫಿ ಕುಡಿದು ಮುಗಿಯೋವರೆಗೂ ಸಾಲದ ಮಾತು ಎತ್ತಬಾರದು ಅಂತ ಅಮ್ಮ ತಾಕೀತು ಮಾಡಿದ್ದಳು. ಅಪ್ಪ ಉಪ್ಪಿಟ್ಟು ತಿನ್ನುವಾಗಲೇ ಹೇಳಿಬಿಟ್ಟರು.

ಹುಡುಗನ ಸೋದರಮಾವ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿದ್ದು ರಿಟೈರಾದವರು. ಅಭ್ಯಾಸಬಲದಿಂದ "ಋಣಭಾರ ಪತ್ರ ತೆಗೆಸಿದ್ದೀರಾ?" ಅಂದುಬಿಟ್ಟರು.

"ಹುಡುಗಿ ಕಣ್ರೀ, ಸೈಟಲ್ಲ!" ಅಂತ ಅಮ್ಮ ಅಡುಗೆಮನೆಯಿಂದಲೇ ಕೂಗಿದಳು.

ಆಗ ಹುಡುಗ ಮೊದಲ ಸಲ ಬಾಯಿಬಿಟ್ಟ. "ಇರ್ಲಿ ಬಿಡಿ ಮಾವ. ನನ್ನ ಬೈಕಿನ ಮೇಲೂ ಸಾಲ ಇದೆ, ಅದರ ಕಂತು ನಾನೇ ಕಟ್ಟಬೇಕು. ಇವರ ಕಂತು ಬೇರೆಯೋರು ಕಟ್ತಾರಂತೆ. ಬೈಕಿಗಿಂತ ಇವರೇ ವಾಸಿ."

ಮದುವೆಯಾಗಿ ಇಷ್ಟು ವರ್ಷವಾದರೂ, ಅವತ್ತು ತಾವು ಆಡಿದ್ದು ನನ್ನ ಹೊಗಳಿಕೆ ಅಂತಲೇ ಅವರು ನಂಬಿದ್ದಾರೆ.

ಬ್ಯಾಂಕಿಗೆ ಬಂದ ಕೇರಿ

ತಾಯಿ ಮಗು ಇಬ್ಬರೂ ಕ್ಷೇಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ನಗಲು ಮನಸ್ಸು ಬರುವುದಿಲ್ಲ.

ಆ ಕೇರಿಯ ಒಬ್ಬ ಬಸುರಿಗೆ ರಕ್ತ ತೀರಾ ಕಡಿಮೆ ಇತ್ತು. ಅವಳ ಅಕ್ಕ ಹೆರಿಗೆಯಲ್ಲೇ ಹೋಗಿದ್ದಳು. ಊರಿಗೆ ಬರುವ ನರ್ಸಮ್ಮ ಮೇಲಿನ ಬೀದಿಯಿಂದಲೇ ವಾಪಸಾಗುತ್ತಿದ್ದರು. ನಾನು ಪ್ರತಿ ವಾರ ಅವರ ಕೈಹಿಡಿದು ಕೆಳಗಿನ ಕೇರಿಗೆ ಕರೆತರುತ್ತಿದ್ದೆ. ಮಾತ್ರೆ, ನುಗ್ಗೆಸೊಪ್ಪು ಸೇರಿ ಆ ಹುಡುಗಿಯ ಮುಖಕ್ಕೆ ಬಣ್ಣ ಬರತೊಡಗಿತ್ತು. ಆಗೊಂದು ದಿನ ನಲ್ಲಿಯ ಹತ್ತಿರ "ಯುಗಾದಿಗೆ ನನ್ನ ಸಾಲ ಮುಗಿಯುತ್ತೆ" ಅಂದೆ. ಎಲ್ಲರಿಗೂ ಖುಷಿಯಾಗುತ್ತೆ ಅಂದುಕೊಂಡಿದ್ದೆ. ಎಲ್ಲರೂ ಅರ್ಧ ತುಂಬಿದ ಬಿಂದಿಗೆ ಎತ್ತಿಕೊಂಡು ಹೊರಟುಬಿಟ್ಟರು.

ಮುಂದಿನ ವಾರ ಹೋದರೆ ಕೇರಿಯಲ್ಲಿ ಒಬ್ಬ ಹೆಂಗಸೂ ಇಲ್ಲ. ಬಸುರಿಯ ಮನೆಗೆ ಓಡಿದೆ. ಅವಳು ಆರಾಮವಾಗಿ ಉಣ್ಣುತ್ತಾ ಕೂತಿದ್ದಳು.

"ಎಲ್ರೂ ಅರಸೀಕೆರೆ ಬ್ಯಾಂಕಿಗೆ ಹೋಗವ್ರೆ ಅಕ್ಕ. ನಿಮ್ಮ ಸಾಲದ ವಿಚಾರಕ್ಕೆ."

ಸಿಕ್ಕ ಟೆಂಪೊ ಹತ್ತಿ ಹೋದೆ. ಬ್ಯಾಂಕಿನ ನೆಲದ ತುಂಬ ನಮ್ಮ ಕೇರಿಯ ಹೆಂಗಸರು. ಹಳೆಯ ಮ್ಯಾನೇಜರಿಗೆ ವರ್ಗವಾಗಿತ್ತು. ಹೊಸಬರು ಏನೂ ತಿಳಿಯದೆ ನಿಂತಿದ್ದರು. ಬಸುರಿಯ ಅತ್ತೆ ಎಲ್ಲರ ಪರವಾಗಿ ಮಾತಾಡುತ್ತಿದ್ದಳು.

"ಆ ಹುಡುಗೀಗೆ ಇನ್ನೊಂದು ಸಾಲ ಕೊಡಿ ಸ್ವಾಮಿ."

"ಸಾಲ ಮನ್ನಾ ಮಾಡಿ ಅಂತ ಬರೋರನ್ನ ನೋಡಿದೀನಿ," ಅಂದರು ಮ್ಯಾನೇಜರು. "ಇನ್ನೊಂದು ಹೇರಿ ಅಂತ ಬಂದೋರು ನೀವೇ ಮೊದಲು. ಯಾಕಮ್ಮ?"

"ಸಾಲ ತೀರುದ್ರೆ ಅವಳು ಹೊಂಟೋಯ್ತಾಳೆ. ಅವಳು ಹೋದ್ರೆ ನರ್ಸಮ್ಮ ನಮ್ಮ ಕೇರಿಗೆ ಇಳಿಯಾಕಿಲ್ಲ. ಮುಂದಿನ ತಿಂಗ್ಳು ನನ್ನ ಸೊಸೆ ಹೆರಿಗೆ ಐತೆ."

ಬಾಗಿಲಲ್ಲಿ ನಿಂತಿದ್ದ ನನಗೆ ಕಣ್ಣು ಮಂಜಾಯಿತು. ಒಳಗೆ ಹೋಗಿ ಅವಳ ಕೈ ಹಿಡಿದುಕೊಂಡೆ. "ಸಾಲ ಇಲ್ಲದಿದ್ರೂ ಬರ್ತೀನಿ ಕಣಮ್ಮ. ಹೆರಿಗೆಗೆ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

"ನೀನು ಸುಮ್ಕಿರವ್ವ," ಅಂತ ಅವಳು ನನ್ನನ್ನು ಪಕ್ಕಕ್ಕೆ ಸರಿಸಿದಳು. "ಬಾಯಿಮಾತು ಬ್ಯಾಡ."

ಮ್ಯಾನೇಜರು ನಗು ನುಂಗಿಕೊಂಡು ಕೇಳಿದರು: "ಸರಿ, ಎಷ್ಟು ಕೊಡ್ಲಿ?"

ಹೆಂಗಸರೆಲ್ಲ ತಲೆಗೆ ತಲೆ ಕೊಟ್ಟು ಗುಸುಗುಸು ಮಾತಾಡಿಕೊಂಡರು. ಆಮೇಲೆ ಅತ್ತೆ ಸೆರಗು ಸರಿಮಾಡಿಕೊಂಡು ತೀರ್ಮಾನ ಹೇಳಿದಳು:

"ತೀರ್ಸಾಕೇ ಆಗದಷ್ಟು ಕೊಡಿ ಸ್ವಾಮಿ."